ಹರಣಿಯ ಹಿರಿಯ ಕರು

ಕೆಲವರಿಗೆ ತಂದೆಯಿಂದ ಹೊಲ ಬರುತ್ತದೆ, ಕೆಲವರಿಗೆ ಬೋಳುತಲೆ ಬರುತ್ತದೆ. ನನಗೆ ಬೋಳುತಲೆಯ ಜೊತೆಗೆ ಇಣುಕಿ ನೋಡುವ ಚಟವೂ ಬಂದಿದೆ. ನಮ್ಮಪ್ಪ ಕಲಬುರ್ಗಿಯ ಬಜಾರಿಗೆ ಮೆಂತ್ಯಪಲ್ಯ ತರಲು ಹೋದರೆಂದರೆ ಅವ್ವ ಒಲೆ ಹಚ್ಚುವ ಗೋಜಿಗೇ ಹೋಗುತ್ತಿರಲಿಲ್ಲ. ದಾರಿಯಲ್ಲಿ ಯಾರೋ ಲಾರಿಯ ಗಾಲಿ ಬದಲಾಯಿಸುತ್ತಿದ್ದರೆ ಸಾಕು, ಕೊನೆಯ ಬೋಲ್ಟು ಬಿಗಿಯುವ ತನಕ ನಿಂತು ನೋಡಿ, ಬಾಡಿದ ಪಲ್ಯ ಹಿಡಿದುಕೊಂಡು ಅಪ್ಪ ಮನೆಗೆ ಬರುತ್ತಿದ್ದರು. "ಎಲ್ಲಿ ನಾಕ ಮಂದಿ ನಿಂತಿರ್ತಾರ, ಅಲ್ಲಿ ಐದನೇದವ್ರು ಇವ್ರೇ" ಎಂದು ಅವ್ವ ಬೈಯುತ್ತಿದ್ದಳು. ಅಪ್ಪ ಮಾತ್ರ, ಬೈಯುವಾಗ ಅವ್ವನ ನತ್ತು ಹೇಗೆ ಅಲುಗಾಡುತ್ತದೆ ಎಂಬುದನ್ನೇ ಕುತೂಹಲದಿಂದ ನೋಡುತ್ತ ನಿಂತಿರುತ್ತಿದ್ದರು. ಅಂಥವರ ಮಗನಾದ ನಾನು ಬಾವಿ ತೋಡುವುದನ್ನು ನೋಡಿದ್ದೇನೆ, ಕೊಡಕ್ಕೆ ಕಲಾಯಿ ಹಾಕುವುದನ್ನು ನೋಡಿದ್ದೇನೆ, ಬೀಗದ ಕೈ ಕಳೆದುಕೊಂಡವರ ಮನೆಯ ಬೀಗ ಒಡೆಯುವುದನ್ನು ಬೀಗದ ಒಡೆಯನಿಗಿಂತ ಹತ್ತಿರದಿಂದ ನೋಡಿದ್ದೇನೆ. ನೋಡದೆ ಉಳಿದದ್ದು ಒಂದೇ, ಆಕಳು ಈಯುವುದು.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಪೇಟೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಓಣಿಗೆ ಹಾಲು ಸೈಕಲ್ಲಿನ ಮೇಲೆ ಬರುತ್ತಿತ್ತು, ಆದ್ದರಿಂದ ಅದು ಸೈಕಲ್ಲಿನ ಉತ್ಪನ್ನವೆಂದೇ ಬಹಳ ದಿನ ನಂಬಿದ್ದೆ. ಮದುವೆಯಾದ ಹೊಸದರಲ್ಲಿ, ಭಾಲ್ಕಿಯ ಹತ್ತಿರದ ಹಳ್ಳಿಯಲ್ಲಿ ಆಕಳುಗಳ ನಡುವೆಯೇ ಬೆಳೆದ ನನ್ನ ಹೆಂಡತಿ ಸುವರ್ಣಾಳನ್ನು, "ಆಕಳ ಈಯೂದು ಹೆಂಗಿರ್ತದ?" ಎಂದು ಕೇಳಿದ್ದೆ. ಹೊಸ ಮದುಮಗಳು ಇಂಥ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ. "ಹೆಂಗಂದ್ರ? ಮೊದ್ಲ ಕರ ಇರಂಗಿಲ್ಲ, ಆಮ್ಯಾಲ ಇರ್ತದ" ಎಂದಳು. ಆ ಮೊದಲಿಗೂ ಆಮೇಲಕ್ಕೂ ನಡುವೆ ಏನಾಗುತ್ತದೆ ಎಂಬುದು ನನ್ನ ತಲೆಯಲ್ಲಿ ಹುಳದಂತೆ ಉಳಿದುಬಿಟ್ಟಿತು.

ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಇಳಿಯುತ್ತಿದ್ದ ಕಾಲದಲ್ಲಿ ನನ್ನನ್ನು ನಾಸಿಕ ಜಿಲ್ಲೆಯ ನಿಫಾಡದ ಕಡೆಗೆ ವರ್ಗ ಮಾಡಿದರು. ಕೇಂದ್ರ ಸರ್ಕಾರದ ಕಚೇರಿ. ಯಾವ ಕಚೇರಿಯೆಂದು ಹೇಳುವುದಿಲ್ಲ, ನಮ್ಮಲ್ಲಿ ಇನ್ನೂ ನಾಲ್ಕು ಜನ ಮರ್ಯಾದಸ್ಥರು ಕೆಲಸ ಮಾಡುತ್ತಿದ್ದಾರೆ. ಆರ್ಡರು ಬಂದಾಗ ಎಲ್ಲರೂ, "ಅದೃಷ್ಟವಂತ್ರು ಬಿಡ್ರಿ, ದ್ರಾಕ್ಷಿ ತಿಂದಕೋತ ಇರ್ತೀರಿ" ಎಂದರು. ಅಲ್ಲಿಯ ಚಳಿಯ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಕಲಬುರ್ಗಿಯವರಾದ ನಮಗೆ ಚಳಿಯೆಂದರೆ ಫ್ಯಾನನ್ನು ಒಂದು ಸುತ್ತು ಕಡಿಮೆ ಮಾಡುವುದು. ಇಲ್ಲಿ ಸಂಕ್ರಾಂತಿಯ ಹೊತ್ತಿಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗುತ್ತಿತ್ತು, ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಗಟ್ಟಿಯಾಗಿ ಕೂತಿರುತ್ತಿತ್ತು, ಸ್ನಾನಕ್ಕೆ ಹೋದವರು ಬರೀ ಮುಖ ತೊಳೆದುಕೊಂಡು ಹೊರಬಂದು ದೇವರ ಮುಂದೆ ಕೂಡುತ್ತಿದ್ದರು. ದೇವರಿಗೂ ಚಳಿಯಾಗಿದ್ದರಿಂದ ಆತ ಏನೂ ಅನ್ನುತ್ತಿರಲಿಲ್ಲ.

ವರ್ಗದ ಮೇಲೆ ಊರೂರು ತಿರುಗುವ ನಮ್ಮಂಥವರ ಮನೆಯಲ್ಲಿ ಒಂದು ತಗಡಿನ ಟ್ರಂಕು ಇರುತ್ತದೆ. ಉಣ್ಣೆಯ ಬಟ್ಟೆಗಳೆಲ್ಲ ಅದರಲ್ಲಿ, ಅವುಗಳ ನಡುವೆ ಹಿಡಿಗಟ್ಟಲೆ ಡಾಂಬರು ಗುಳಿಗೆ. ಸುವರ್ಣಾ ಆ ಗುಳಿಗೆಗಳನ್ನು ಅಕ್ಷತೆಯಂತೆ ಉದಾರವಾಗಿ ಎಸೆಯುತ್ತಾಳೆ. ಚಳಿಗಾಲ ಬಂತೆಂದರೆ ನಾವು ಮೂರೂ ಜನ, ನಾನು, ಅವಳು, ಮಗಳು ಪಲ್ಲವಿ, ಹೋದಲ್ಲೆಲ್ಲ ಆ ವಾಸನೆಯನ್ನು ಕರೆದುಕೊಂಡು ಹೋಗುತ್ತೇವೆ. ಈ ಟ್ರಂಕಿಗೆ ಎಂದೂ ಹೋಗದ ಒಂದೇ ಒಂದು ಉಣ್ಣೆಯ ಬಟ್ಟೆಯೆಂದರೆ ನನ್ನ ಕಾಫಿಬಣ್ಣದ, ಮುಂದೆ ಗುಂಡಿಯಿರುವ ಸ್ವೆಟರು. ಅದಕ್ಕೆ ವರ್ಷವಿಡೀ ಕಚೇರಿಯಲ್ಲಿ ಕೆಲಸ. ಕುರ್ಚಿಯ ಬೆನ್ನಿಗೆ ಸ್ವೆಟರು ಹಾಕಿ, ಮೇಜಿನ ಮೇಲೆ ಒಂದು ಪೆನ್ನು ತೆರೆದಿಟ್ಟು ಚಹಾಕ್ಕೆ ಹೋಗುವುದು ನಮ್ಮ ಇಲಾಖೆಯ ಹಳೆಯ ವಿದ್ಯೆ. ಬಂದವರು, "ಸಾಹೇಬ್ರು ಇಲ್ಲೇ ಎಲ್ಲೋ ಅದಾರ, ಸ್ವೆಟರ್ ಅದ" ಎಂದುಕೊಂಡು ಕಾಯುತ್ತಿದ್ದರು. ಮೇಲಧಿಕಾರಿಗಳೂ ಸ್ವೆಟರನ್ನು ನೋಡಿ ಸಮಾಧಾನಪಟ್ಟು ಮುಂದೆ ಹೋಗುತ್ತಿದ್ದರು. ಚಳಿಗಾಲದಲ್ಲಿ ಮಾತ್ರ ಪಾಪ ಅದು ನನ್ನ ಮೈಮೇಲೆ ಮನೆಗೆ ಬರುತ್ತಿತ್ತು.

ನಾವು ಬಾಡಿಗೆಗಿದ್ದದ್ದು ಊರ ಹೊರಗೆ, ನಾನಾ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ದ್ರಾಕ್ಷಿ ಬೆಳೆಗಾರರ ತೋಟದ ಮನೆಯಲ್ಲಿ. ಮುಂದಿನ ಭಾಗದಲ್ಲಿ ನಾನಾ ಮತ್ತು ಅವರ ಹೆಂಡತಿ ಕಾಕೂ, ಹಿಂದಿನ ಎರಡು ಕೋಣೆಗಳಲ್ಲಿ ನಾವು, ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ದನದ ಕೊಟ್ಟಿಗೆ. ಅವರಿಬ್ಬರೂ ಮರಾಠಿಯವರು. ಅವರ ಮಾತನ್ನು ನಾನು ನಮ್ಮ ಕಲಬುರ್ಗಿ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಮರಾಠಿಯನ್ನು ಕೇಳಿದರೆ ಅವರೇ ಕನ್ನಡವೆಂದು ತಿಳಿಯುತ್ತಿದ್ದರು. ಪಲ್ಲವಿ ಮಾತ್ರ ಶಾಲೆಗೆ ಹೋದ ತಿಂಗಳಲ್ಲೇ ಅಪ್ಪಟ ಮರಾಠಿಯವಳಾಗಿ, ಮನೆಯಲ್ಲಿ ನಾವು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು.

ಕೊಟ್ಟಿಗೆಯಲ್ಲಿದ್ದದ್ದು ಹರಣಿ, ಗೀರ್ ತಳಿಯ ಕೆಂಪು ಮಣಕ. ಎಲೆಯಡಿಕೆಯ ಹಾಗೆ ಮಡಿಚಿಬಿದ್ದ ಉದ್ದ ಕಿವಿ, ಉಬ್ಬಿದ ಹಣೆ, ಏನು ಹೇಳಿದರೂ ನಂಬುವ ಕಣ್ಣು. ಹರಣಿ ಹುಟ್ಟಿದ ವಾರದಲ್ಲೇ ಅದರ ತಾಯಿ ಸತ್ತಿತ್ತಂತೆ. ಕಾಕೂ ಬಟ್ಟೆಯ ಚೂರನ್ನು ಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿ ಅದನ್ನು ಬದುಕಿಸಿದ್ದರು. ಈಗ ಅದೇ ಹರಣಿಗೆ ಚೊಚ್ಚಲ ಬಸಿರು. ಹೋದ ವರ್ಷ ಇದೇ ಥಂಡಿಯಲ್ಲಿ ಅವರ ಎಮ್ಮೆಯ ಕರು ಹುಟ್ಟಿದ ದಿನವೇ ಸೆಟೆದು ಹೋಗಿತ್ತು. ಅದನ್ನು ಹೇಳುವಾಗಲೆಲ್ಲ ಕಾಕೂ ಮಾತು ಅರ್ಧಕ್ಕೇ ನಿಲ್ಲಿಸಿ ಹರಣಿಯ ಕುತ್ತಿಗೆ ತುರಿಸತೊಡಗುತ್ತಿದ್ದರು. "ಈ ಸಲ ಏನೂ ಆಗಬಾರದ್ರಿ ಸಾಹೇಬ್ರ" ಎಂದು ನನಗೆ ಹೇಳುತ್ತಿದ್ದರು, ಚಳಿಯ ಇಲಾಖೆ ನನ್ನ ಕೈಯಲ್ಲೇ ಇದೆ ಎಂಬಂತೆ.

ನನಗಂತೂ ಹಬ್ಬ. ನಲವತ್ತರ ಹೊಸ್ತಿಲಲ್ಲಿ, ಅಡುಗೆಮನೆಯ ಕಿಟಕಿಯ ಎದುರಿಗೇ ದೇವರು ವರ ಕೊಟ್ಟಿದ್ದ. ಬೆಳಗ್ಗೆ ಎದ್ದವನೇ ಕೊಟ್ಟಿಗೆಗೆ ಹೋಗಿ ಪ್ರಶ್ನೆ ಶುರುಮಾಡುತ್ತಿದ್ದೆ. ಕರು ಒಳಗೆ ಹೇಗೆ ಮಲಗಿರುತ್ತದೆ? ಮೊದಲು ತಲೆಯೋ ಕಾಲೋ? ಆಕಳು ನಿಂತು ಈಯುತ್ತದೋ ಮಲಗಿ ಈಯುತ್ತದೋ? ನಾನಾ ಹರಣಿಯ ಕೆಚ್ಚಲನ್ನು ನೋಡಿ, ಮೀಸೆ ನೀವಿ, "ಇವತ್ತ ಸಂಜಿಕಡೀಗಿ ಖಾತ್ರಿ" ಎನ್ನುತ್ತಿದ್ದರು. ಕಾಕೂ ಬಾಲದ ಬುಡದ ಕುಳಿಯನ್ನು ಒತ್ತಿ ನೋಡಿ, "ಇವ್ರ ಮಾತ ಕೇಳಬ್ಯಾಡ್ರಿ, ನಾಳೆ" ಎನ್ನುತ್ತಿದ್ದರು. ಸುವರ್ಣಾ ಕಿಟಕಿಯಿಂದಲೇ, "ಅಮಾಸಿಗಿ ನೋಡ್ರಿ ಬೇಕಾದ್ರ" ಎನ್ನುತ್ತಿದ್ದಳು. ಮೂವರ ಮಾತೂ ಸುಳ್ಳಾಯಿತು. ನಾನು ಮಾತ್ರ ಮೂವರನ್ನೂ ನಂಬಿ ಮೂರು ಸಲ ಕಚೇರಿಗೆ ತಡವಾಗಿ ಹೋದೆ.

ಕೊನೆಗೆ ಒಂದು ದಿನ ರಜೆಯನ್ನೇ ಹಾಕುತ್ತೇನೆ ಎಂದಾಗ ಸುವರ್ಣಾ ಲಟ್ಟಣಿಗೆ ಕೆಳಗಿಟ್ಟಳು. "ಅಲ್ರೀ, ನಾ ಪಲ್ಲವಿನ್ನ ಹಡಿಯಾಗ ನೀವು ಎಲ್ಲಿದ್ರಿ? ದವಾಖಾನಿ ಎದುರಿಗಿ ನಿಂತು ಬೋರ್‌ವೆಲ್ ಹೊಡಿಯೂದು ನೋಡ್ಲಾಕತ್ತಿದ್ರಿ. ಈಗ ಆಕಳ ಹಡಿಯೂದು ನೋಡ್ಲಾಕ ರಜಾ ಹಾಕ್ತೀರಿ?" ಆ ಬೋರ್‌ವೆಲ್ಲಿಗೆ ಭಾರೀ ನೀರು ಬಿದ್ದಿತ್ತು ಎಂಬುದು ನಿಜ, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವುದು ಜಾಣತನವಲ್ಲವೆನಿಸಿತು.

ವಿಚಿತ್ರವೆಂದರೆ ಹರಣಿಗೆ ನೋವು ಶುರುವಾದ ಹಾಗೆ ಕಾಣುತ್ತಿತ್ತು. ಏಳುವುದು, ಕೂಡುವುದು, ಹಿಂತಿರುಗಿ ತನ್ನ ಹೊಟ್ಟೆಯನ್ನು ನೋಡಿಕೊಳ್ಳುವುದು. ನಾವೆಲ್ಲ ಉಸಿರು ಬಿಗಿಹಿಡಿದು ಮುಂದೆ ಬಾಗಿದೊಡನೆ ಅದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕತೊಡಗುತ್ತಿತ್ತು. ನಾಟಕ ಶುರುವಾಗುವ ಹೊತ್ತಿಗೆ ಪರದೆ ಎಳೆದ ಹಾಗೆ. ಹತ್ತಿರದವರು ನೋಡಿದರೆ ಪರವಾಗಿಲ್ಲ, ಹೊರಗಿನವರ ಕಣ್ಣು ಬಿದ್ದರೆ ಆಕಳು ತಡೆಹಿಡಿಯುತ್ತದೆ ಎಂದು ಕಾಕೂ ಹೇಳಿದರು. ಹೊರಗಿನವರು ಯಾರೆಂದು ಅವರು ಹೇಳಲಿಲ್ಲ, ದೊಡ್ಡ ಮನಸ್ಸಿನವರು.

ಆ ದಿನ ಬೆಳಗ್ಗೆ ಸೂರ್ಯ ಹುಟ್ಟಿದ್ದ, ಆದರೆ ಬಿಸಿಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಇಂಥ ಮುಂಜಾನೆ ದ್ರಾಕ್ಷಿ ಗೊಂಚಲು ಒಡೆಯಬಾರದೆಂದು ಸಾಲುಗಳ ನಡುವೆ ಕಸಕಡ್ಡಿ ಸುಟ್ಟು ಹೊಗೆ ಹಾಕುತ್ತಾರೆ. ನಾನಾ ಆ ಕೆಲಸದಲ್ಲಿದ್ದರು. ಹರಣಿ ಬೆಳಗಿನಿಂದ ಒದ್ದಾಡುತ್ತಿತ್ತು. ಕಾಕೂ ನನ್ನ ಮುಖ ನೋಡದೆ, "ಎಲ್ಲಾರೂ ಇಲ್ಲಿಂದ ನಡೀರಿ. ಅಕಿಗಿ ನಾಚಿಕಿ ಬರ್ಲಾಕತ್ತದ" ಎಂದು, ತಾವೂ ಗಂಡನಿಗೆ ಚಹಾ ಕೊಟ್ಟು ಬರಲು ತೋಟಕ್ಕೆ ಹೋದರು. ಸುವರ್ಣಾ ಒಳಗೆ ಪಲ್ಲವಿಯ ಜಡೆ ಹೆಣೆಯುತ್ತಿದ್ದಳು. ನಾನು ಕಚೇರಿಗೆ ಹೊರಟವನಂತೆ ಸ್ವೆಟರು ತೊಟ್ಟು, ಅಂಗಳ ದಾಟಿ, ಹಿಂದಿನಿಂದ ಬಂದು ಜೋಳದ ಕಣಕಿಯ ಬಣವೆಯ ಮರೆಯಲ್ಲಿ ಕೂತೆ. ಕೈಯಲ್ಲಿ ಸ್ಟೀಲಿನ ಲೋಟದ ತುಂಬ ಬಿಸಿ ಚಹಾ. ಅಪ್ಪ ಬದುಕಿದ್ದರೆ ಪಕ್ಕದಲ್ಲೇ ಕೂಡುತ್ತಿದ್ದರು.

ಹರಣಿ ಸುತ್ತ ನೋಡಿತು. ಯಾರೂ ಇಲ್ಲ. ನಿಟ್ಟುಸಿರು ಬಿಟ್ಟು ಮಲಗಿತು. ಎರಡು ಪುಟ್ಟ ಗೊರಸು ಕಂಡವು, ಅವುಗಳ ಮೇಲೆ ಮೂಗಿನ ತುದಿಯಂತಹದೇನೋ. ಇದೇ ಆ ಗಳಿಗೆ ಎಂದುಕೊಂಡು, ಧೈರ್ಯಕ್ಕೆಂದು ಒಂದು ಗುಟುಕು ಚಹಾ ಕುಡಿಯಲು ಲೋಟವನ್ನು ಬಾಯಿಗೆ ತಂದೆ. ಆ ಥಂಡಿಯಲ್ಲಿ ಚಹಾದ ಹಬೆ ಎದ್ದು ನನ್ನ ಕನ್ನಡಕದ ಎರಡೂ ಗಾಜು ಬೆಳ್ಳಗಾದವು. ಅಯ್ಯೋ ಶಿವನೇ ಎಂದು ಕನ್ನಡಕ ತೆಗೆದು, ಸ್ವೆಟರಿನ ಅಂಚಿನಿಂದ ಒರೆಸಿ, ಉಣ್ಣೆಯ ಎಳೆ ಅಂಟಿಕೊಂಡದ್ದನ್ನು ಊದಿ, ಮತ್ತೆ ಹಾಕಿಕೊಂಡು ನೋಡುತ್ತೇನೆ, ನೆಲದ ಮೇಲೆ ಕರು! ಸುವರ್ಣಾ ಹೇಳಿದ್ದೇ ಸರಿ. ಮೊದಲು ಇರಲಿಲ್ಲ, ಆಮೇಲೆ ಇತ್ತು.

ದುಃಖಪಡಲು ಸಮಯವಿರಲಿಲ್ಲ. ಕರು ಒದ್ದೆ ನೆಲದ ಮೇಲೆ ಗಡಗಡ ನಡುಗುತ್ತಿತ್ತು, ತಗಡಿನ ಸಂದಿಯಿಂದ ಗಾಳಿ ಚಾಕುವಿನಂತೆ ನುಗ್ಗುತ್ತಿತ್ತು. ಹೋದ ವರ್ಷದ ಎಮ್ಮೆಗರು ನೆನಪಾಯಿತು. ನಾನು ಓಡಿಹೋಗಿ ಆ ಒದ್ದೆ ಒದ್ದೆ ಮುದ್ದೆಯನ್ನು ಎರಡೂ ತೋಳಿನಿಂದ ಎತ್ತಿ, ಎದೆಗವಚಿಕೊಂಡು, ಅಂಗಳದಲ್ಲಿ ಮುಂಜಾನೆ ಮೈ ಕಾಯಿಸಲು ಹಾಕಿದ್ದ, ಇನ್ನೂ ಕೆಂಡವಿದ್ದ ಬೆಂಕಿಯ ಹತ್ತಿರ ತಂದೆ. ಹಿಂದೆ ಹಗ್ಗ ಜಗ್ಗುತ್ತ ಹರಣಿ ಅಂಬಾ ಅಂಬಾ ಎಂದು ಒದರಿತು. ನನಗೆ ಧನ್ಯವಾದ ಹೇಳುತ್ತಿದೆ ಎಂದು ತಿಳಿದೆ. ಗೋಣಿತಟ್ಟಿನಿಂದ ಕರುವನ್ನು ಚೊಕ್ಕವಾಗಿ ಒರೆಸಿದೆ. ಆಮೇಲೆ ಒಳಗೆ ಓಡಿ ಟ್ರಂಕಿನಿಂದ ದಪ್ಪ ಶಾಲು ತೆಗೆದೆ. ಹೊರಡುವಾಗ ಕಣ್ಣಿಗೆ ಬಿದ್ದ ನೀಲಗಿರಿ ಎಣ್ಣೆಯ ಬಾಟಲಿಯನ್ನೂ ಎತ್ತಿಕೊಂಡೆ. ಪಲ್ಲವಿಗೆ ನೆಗಡಿಯಾದರೆ ನಾವು ಮಾಡುವುದೂ ಅದೇ ತಾನೆ? ಕರುವಿನ ಎದೆಗೆ, ಬೆನ್ನಿಗೆ, ಮೂಗಿನ ತುದಿಗೆ ಎಣ್ಣೆ ತಿಕ್ಕಿ, ಡಾಂಬರು ಗುಳಿಗೆಯ ಶಾಲಿನಲ್ಲಿ ಸುತ್ತಿ, ಬಾಣಂತಿಯ ಮನೆಯ ಹಿರಿಯಳಂತೆ ತೃಪ್ತಿಯಿಂದ ಕೂತೆ.

ಅಷ್ಟರಲ್ಲಿ ಕಾಕೂ ಓಡೋಡಿ ಬಂದರು, ಹಿಂದೆ ನಾನಾ, ಒಳಗಿನಿಂದ ಸುವರ್ಣಾ, ಒಂದೇ ಜಡೆಯ ಪಲ್ಲವಿ. "ಹೆಣ್ಗರ!" ಎಂದು ಕಾಕೂ ಕೈಮುಗಿದರು. ನನ್ನ ಕೆನ್ನೆ ಹಿಡಿದು ದೃಷ್ಟಿ ತೆಗೆದರು. ಆ ಮರ್ಯಾದೆ ಅಂಗಳದಿಂದ ಕೊಟ್ಟಿಗೆಗೆ ಹೋಗುವ ತನಕ ಇತ್ತು. ಶಾಲು ಬಿಚ್ಚಿ ಕರುವನ್ನು ಹರಣಿಯ ಮುಂದಿಟ್ಟಾಗ ಅದು ಆಸೆಯಿಂದ ಮೂಗು ಚಾಚಿ ಮೂಸಿತು. ಒಂದು ಸಲ ಫುರ್ರೆಂದು ಸೀನಿತು. ಮತ್ತೊಮ್ಮೆ ಮೂಸಿ, ತಲೆ ಕೊಡವಿ, ಕರುವನ್ನು ಕೊಂಬಿನಿಂದ ಆಚೆ ನೂಕಿಬಿಟ್ಟಿತು. ಯಾವುದೋ ಔಷಧದಂಗಡಿಯ ಕೂಸನ್ನು ತನಗೇಕೆ ಕೊಡುತ್ತಿದ್ದಾರೆ ಎಂಬಂತೆ ನಮ್ಮನ್ನು ನೋಡಿತು. ಕರುವನ್ನು ಎತ್ತಲು ನಾನು ಬಾಗಿದೆ. ಹರಣಿ ನನ್ನ ತೋಳನ್ನು ಮೂಸಿತು. ಅದರ ಕಣ್ಣು ತುಂಬಿ ಬಂದಂತಾಯಿತು. ಗಂಟಲಿನಿಂದ ಊಂ ಊಂ ಎಂದು ಇದುವರೆಗೆ ಯಾರಿಗೂ ಕೇಳಿಸದ ದನಿಯೊಂದನ್ನು ತೆಗೆದು ನನ್ನನ್ನು ನೆಕ್ಕತೊಡಗಿತು.

ಆಕಳ ನಾಲಿಗೆಯನ್ನು ನೀವು ದೂರದಿಂದ ನೋಡಿರಬಹುದು. ಅದು ನಾಲಿಗೆಯಲ್ಲ, ಬಡಗಿಯ ಮರಳುಕಾಗದ. ತೋಳು, ಎದೆ, ಕುತ್ತಿಗೆ, ಕಿವಿ, ಯಾವುದನ್ನೂ ಬಿಡಲಿಲ್ಲ. ತಲೆಗೆ ಬಂದಾಗ ಅದಕ್ಕೆ ಭಾರೀ ಸಂತೋಷವಾಯಿತೆಂದು ಕಾಣುತ್ತದೆ, ಆಗಲೇ ಅರ್ಧ ಕೆಲಸ ಮುಗಿದಿತ್ತಲ್ಲ. "ಪಪ್ಪಾ, ಹರಣಿ ಆತಾ ತುಮಚೀ ಆಯೀ!" ಎಂದು ಪಲ್ಲವಿ ಕುಣಿದಳು. ಹರಣಿ ಈಗ ನನ್ನ ತಾಯಿಯಂತೆ! ನಾನಾ ಕಂಬ ಹಿಡಿದುಕೊಂಡು ನಗುತ್ತಿದ್ದರು. ಸುವರ್ಣಾ ಮಾತ್ರ ನಗಲಿಲ್ಲ. "ಎಲ್ಲಾ ಒರಸಿ ನಿಮ್ಮ ಮೈಗಿ ಹಚ್ಕೊಂಡೀರಿ. ಅದು ತನ್ನ ವಾಸನಿ ಎಲ್ಲಿ ಅದ ಅಲ್ಲೇ ಹುಡುಕ್ತದ. ತಾಯಿ ನೆಕ್ಕೂಕಿಂತ ಮೊದ್ಲ ಕರ ಯಾರರ ಎತ್ಕೊಂಡು ಹೋಗ್ತಾರೇನ್ರಿ?" ಎಂದಳು.

ಕಾಕೂ ಕೂಡ ನಗುತ್ತಿರಲಿಲ್ಲ. ಕರುವಿನ ಬಾಯಿಯೊಳಗೆ ಬೆರಳಿಟ್ಟು ನೋಡಿದರು, "ತಣ್ಣಗ ಆಗ್ಲಾಕತ್ತದ" ಎಂದರು. ಮೊದಲ ಗಿಣ್ಣದ ಹಾಲು ಹೊಟ್ಟೆಗಿಳಿಯದಿದ್ದರೆ ಈ ಚಳಿಯಲ್ಲಿ ಕರು ಉಳಿಯುವುದಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ನಾನಾ ಹಾಲು ಹಿಂಡಿ ತೆಗೆಯಲು ಕೂತರು. ಹರಣಿ ಕೆಚ್ಚಲನ್ನು ಕಲ್ಲು ಮಾಡಿಕೊಂಡು ಒಂದು ಹನಿಯನ್ನೂ ಇಳಿಸಲಿಲ್ಲ, ಒಂದು ಒದೆಯನ್ನು ಮಾತ್ರ ಧಾರಾಳವಾಗಿ ಕೊಟ್ಟಿತು. ದನದ ಡಾಕ್ಟರಿಗೆ ಫೋನು ಮಾಡಿದೆವು, ಅವರ ಮೋಟಾರ್‌ಸೈಕಲ್ಲು ಥಂಡಿಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ಕಾಕೂ ಕರುವಿನ ಬೆನ್ನಿಗೆ ಉಪ್ಪು ಬೆಲ್ಲ ಬೆರೆಸಿದ ಗೋದಿಯ ಬೂಸಾ ಸವರಿ ಮುಂದಿಟ್ಟರು, ರುಚಿಗಾದರೂ ನೆಕ್ಕಲಿ ಎಂದು. ಹರಣಿ ಉಸಿರು ಬಿಗಿಹಿಡಿದು ಬೂಸಾವನ್ನು ಶುದ್ಧವಾಗಿ ತಿಂದು, ಕರುವನ್ನು ಮತ್ತೆ ನೂಕಿತು. ಕಾಕೂ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಕರುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಕಿವಿ ತಿಕ್ಕತೊಡಗಿದರು. ಬಟ್ಟೆ ಚೀಪಿಸಿ ಬೆಳೆಸಿದ ಹರಣಿಯ ಕರು. ನಾನು ಅಲ್ಲಿ ನಿಲ್ಲಲಾರದೆ ಬೇರೆ ಕಡೆ ನೋಡಿದೆ. ಹರಣಿ ನನ್ನ ಮೊಣಕೈ ನೆಕ್ಕುತ್ತಲೇ ಇತ್ತು.

"ರೀ, ಸ್ವೆಟರ್ ತಗೀರಿ" ಎಂದಳು ಸುವರ್ಣಾ.

"ಈ ಥಂಡ್ಯಾಗ?"

"ಅದು ಅಲ್ಲಿ ಸಾಯ್ಲಾಕತ್ತದ, ನಿಮಗ ನಿಮ್ಮ ಥಂಡಿ ಚಿಂತಿ! ತಗೀರಿ ಅಂದ್ರ ತಗೀರಿ."

ತೆಗೆದೆ. ಅವಸರದಲ್ಲಿ ಅಂಗಿ ಹಾಕಿಕೊಂಡಿರಲಿಲ್ಲ, ಒಳಗೆ ಬರೀ ಬನೀನು. ಸುವರ್ಣಾ ಬಿಸಿನೀರಿನ ಬಟ್ಟೆಯಿಂದ ಕರುವಿನ ಮೈಯ ಎಣ್ಣೆಯನ್ನು ಆದಷ್ಟು ಒರೆಸಿ, ನನ್ನ ಒದ್ದೆ ಸ್ವೆಟರಿನಿಂದಲೇ ಅದರ ಮೈಯನ್ನೆಲ್ಲ ತಿಕ್ಕಿ, ಮುಂಗಾಲುಗಳನ್ನು ತೋಳುಗಳಲ್ಲಿ ತೂರಿಸಿ, ಹೊಟ್ಟೆಯ ಕೆಳಗೆ ಗುಂಡಿ ಹಾಕಿದಳು. ಕಾಫಿಬಣ್ಣದ ಸ್ವೆಟರು ತೊಟ್ಟು ಕೂತ ಆ ಕರು, ಮುಂಜಾನೆ ಕಚೇರಿಗೆ ಬೇಗ ಬಂದುಬಿಟ್ಟ ಗುಮಾಸ್ತನಂತೆ ಕಾಣುತ್ತಿತ್ತು. ಹರಣಿಯ ಮುಂದಿಟ್ಟೆವು. ಅದು ಸ್ವೆಟರನ್ನು ಮೂಸಿತು. ನನ್ನನ್ನು ನೋಡಿತು. ಮತ್ತೆ ಸ್ವೆಟರನ್ನು ಮೂಸಿತು. ಆ ಊಂ ಊಂ ದನಿ ಮತ್ತೆ ಬಂತು. ತೋಳನ್ನು ನೆಕ್ಕಿತು, ಕಾಲರನ್ನು ನೆಕ್ಕಿತು, ಕಾಲರಿನಿಂದ ಜಾರಿ ಕರುವಿನ ಕುತ್ತಿಗೆಗೆ ಬಂತು, ಕುತ್ತಿಗೆಯಿಂದ ಮುಖಕ್ಕೆ. ಕಾಕೂ ಕರುವಿನ ಬಾಯನ್ನು ಮೊಲೆಗೆ ಹಿಡಿದರು. ಎರಡು ಸಲ ತಪ್ಪಿಸಿಕೊಂಡ ಕರು ಮೂರನೆಯ ಸಲ ಹಿಡಿದು, ಚಪ್ಪರಿಸಿ, ಬಾಲ ಅಲ್ಲಾಡಿಸಿತು. ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಬೈಯಲು ಶುರುಮಾಡಿದರು. ಮರಾಠಿಯಲ್ಲಿ ಇಷ್ಟೊಂದು ಬೈಗುಳಗಳಿವೆ ಎಂಬುದು ನನಗೆ ಗೊತ್ತಿರಲಿಲ್ಲ. ಬನೀನಿನಲ್ಲಿ ನಡುಗುತ್ತ ಒಂದೊಂದನ್ನೂ ಸಂತೋಷದಿಂದ ಕೇಳಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುದಿನ ಹಾಲು ಹಿಂಡಲು ಕೂತರೆ ಹರಣಿ ಹಾಲು ಇಳಿಸಲಿಲ್ಲ. ಕರು ಮುಂದೆಯೇ ಇತ್ತು, ಸ್ವೆಟರೂ ಇತ್ತು. ಆದರೂ ಅದು ಕತ್ತು ಉದ್ದ ಮಾಡಿ ನಮ್ಮ ಕಿಟಕಿಯ ಕಡೆ ನೋಡಿ ಒದರತೊಡಗಿತು. ಹಲ್ಲುಜ್ಜುತ್ತಿದ್ದ ನಾನು ಏನಾಯಿತೆಂದು ಇಣುಕಿದ್ದೇ ತಡ, ನಾನಾರ ಚರಿಗೆಯಲ್ಲಿ ಸರ್ರೆಂದು ಹಾಲು ಬಿತ್ತು. "ಅಕಿ ಲೆಕ್ಕದಾಗ ಅವಳಿ ಹುಟ್ಯಾವ್ರಿ ಸಾಹೇಬ್ರ" ಎಂದರು ನಾನಾ. "ಎರಡೂ ಕಂಡ್ರೇ ಹಾಲು ಬಿಡ್ತಾಳ." ಅಂದಿನಿಂದ ಮುಂಜಾನೆ ಸಂಜೆ ಹಿಂಡುವ ಹೊತ್ತಿಗೆ ನಾನು ಗೋದಲಿಯ ಹತ್ತಿರ ಹಾಜರಿರಬೇಕಾಯಿತು. ಒಂದು ಕಡೆ ಆ ಪುಟ್ಟ ಕರು, ಇನ್ನೊಂದು ಕಡೆ ಕೇಂದ್ರ ಸರ್ಕಾರದ ನೌಕರ. ಕಾಕೂ ಗಿಣ್ಣದ ಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ತಂದಾಗ ಮೊದಲ ತುಂಡನ್ನು ನನಗೇ ಕೊಟ್ಟರು, ಹಿರಿಯ ಕರುವಿನ ಹಕ್ಕೆಂದು. ಸುವರ್ಣಾ, "ತಿನ್ರಿ ತಿನ್ರಿ, ನಿಮ್ಮ ಅವ್ವಂದೇ" ಎಂದಳು.

ಕಚೇರಿಯಲ್ಲಿ ಬೇರೆಯೇ ಫಜೀತಿ. ಸ್ವೆಟರು ಕರುವಿನ ಮೈಮೇಲಿದ್ದುದರಿಂದ ನನ್ನ ಕುರ್ಚಿಯ ಬೆನ್ನು ಬೋಳು. ಚಹಾಕ್ಕೆ ಹೋದ ಕೂಡಲೇ, "ಸಾಹೇಬ್ರು ಇಲ್ಲ" ಎಂದು ಎಲ್ಲರಿಗೂ ತಿಳಿಯತೊಡಗಿತು. ಹಲವು ವರ್ಷಗಳಲ್ಲಿ ಮೊದಲ ಸಲ ಮೇಲಧಿಕಾರಿಗಳು ನನ್ನನ್ನು ಕರೆಸಿ, ಬೆಳಗ್ಗೆ ತಡ ಏಕೆಂದು ಕೇಳಿದರು. ಹಾಲು ಇಳಿಸಲು ಹೋಗಿದ್ದೆ ಎಂದೆ. ಅವರು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಎಲ್ಲ ಆರಾಮವೇ ಎಂದು ಮೆಲ್ಲಗೆ ವಿಚಾರಿಸಿದರು.

ನಿಜ ಹೇಳಬೇಕೆಂದರೆ ಒಳಗೊಳಗೇ ನನಗೆ ಹೆಮ್ಮೆಯಾಗುತ್ತಿತ್ತು. ಜಗತ್ತಿನಲ್ಲಿ ನಾನು ಇಲ್ಲದಿದ್ದರೆ ನಡೆಯದ ಕೆಲಸವೊಂದು ಕೊನೆಗೂ ಸಿಕ್ಕಿತ್ತು. ಶಿವರಾತ್ರಿಗೆ ಸುವರ್ಣಾ ವೇರೂಳಿಗೆ ಹೋಗಿ ಘೃಷ್ಣೇಶ್ವರನ ದರ್ಶನ ಮಾಡಿಬರೋಣ ಎಂದಾಗ ನಾನು, "ಹರಣಿ ಗತಿ ಏನು?" ಎಂದು ತಕರಾರು ತೆಗೆದೆ. ದೇವಸ್ಥಾನದ ಸಾಲಿನಲ್ಲಿ ನಿಂತಾಗಲೂ ಮನಸ್ಸೆಲ್ಲ ಕೊಟ್ಟಿಗೆಯಲ್ಲೇ. ಪಾಪ, ಹಾಲು ಕಟ್ಟಿಕೊಂಡು ಕೆಚ್ಚಲು ಬಾತಿರಬೇಕು, ನನ್ನ ದಾರಿ ನೋಡಿ ನೋಡಿ ಮೇವು ಬಿಟ್ಟಿರಬೇಕು. ಮರಳಿ ಬಂದವನು ಚಪ್ಪಲಿಯನ್ನೂ ಬಿಡದೆ ಕೊಟ್ಟಿಗೆಗೆ ಓಡಿದೆ. ಅಲ್ಲಿ ಕಂಬಕ್ಕೆ ಒರಗಿ ನನ್ನ ಸ್ವೆಟರು ನಿಂತಿತ್ತು. ಕರು ಬೆಳೆದು ಬೆನ್ನಿನ ಹೊಲಿಗೆ ಬಿಟ್ಟಿದ್ದರಿಂದ ನಾನಾ ಅದನ್ನು ಬಿಚ್ಚಿ, ಒಳಗೆ ಒಣಹುಲ್ಲು ತುಂಬಿ, ಗುಂಡಿ ಹಾಕಿ, ನನ್ನ ಎತ್ತರಕ್ಕೆ ಸರಿಯಾಗಿ ಕಟ್ಟಿದ್ದರು. ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚೇ ತುಂಬಿದ್ದರು. ಹರಣಿ ಅದರ ತೋಳನ್ನು ನೆಕ್ಕುತ್ತ, ಕಣ್ಣು ಅರ್ಧ ಮುಚ್ಚಿ, ಚರಿಗೆಯ ತುಂಬ ನೊರೆಹಾಲು ಇಳಿಸುತ್ತಿತ್ತು.

"ನೀವಿದ್ದಾಗಿಂದಕಿಂತ ಜಾಸ್ತಿ ಕೊಡ್ಲಾಕತ್ಯಾಳ್ರಿ" ಎಂದರು ಕಾಕೂ, ನನಗೆ ಸಂತೋಷವಾಗಲೆಂದು. "ನೀವು ನಡುವ ನಡುವ ಮೈ ತುರಸ್ಕೋತೀರಿ, ಏನರ ಕೇಳ್ತೀರಿ. ಇದು ಸುಮ್ಮ ನಿಂದರ್ತದ."

ಆ ಬೇಸಿಗೆಯಲ್ಲೇ ನನಗೆ ವೈಜಾಪುರಕ್ಕೆ ವರ್ಗವಾಯಿತು. ಮುಂದಿನ ಸಲ ಹರಣಿ ಈಯುವಾಗ ಖಂಡಿತ ಕರೆಯುತ್ತೇವೆ ಎಂದು ಕಾಕೂ ಹೇಳಿದರು, ಹರಣಿ ಈದು ವಾರವಾದ ಮೇಲೆ ಫೋನು ಮಾಡಿದರು. ಹೀಗಾಗಿ ಆಕಳು ಈಯುವುದನ್ನು ನಾನು ಇವತ್ತಿಗೂ ನೋಡಿಲ್ಲ. ವೈಜಾಪುರಕ್ಕೆ ಹೊರಡುವ ದಿನ ಹರಣಿಗೆ ಹೇಳಿ ಬರೋಣವೆಂದು ಕೊಟ್ಟಿಗೆಗೆ ಹೋದೆ. ಬೇಸಿಗೆಯಾದರೂ, ಅದಕ್ಕೆ ನನ್ನ ಗುರುತು ಹತ್ತಲಿ ಎಂದು ಸುವರ್ಣಾ ಹೊಸದಾಗಿ ಹೆಣೆದಿದ್ದ ಕಾಫಿಬಣ್ಣದ ಸ್ವೆಟರನ್ನೇ ಟ್ರಂಕಿನಿಂದ ತೆಗೆದು ತೊಟ್ಟಿದ್ದೆ. ಹರಣಿ ನನ್ನನ್ನು ಮೂಸಿತು, ಫುರ್ರೆಂದು ಸೀನಿ, ಕೊಂಬಿನಿಂದ ಆಚೆ ನೂಕಿ, ಕಂಬದ ಕಡೆ ತಿರುಗಿತು. ದುಂಡಗೆ ಬೆಳೆದಿದ್ದ ಕರು ಕೂಡ ಅಲ್ಲೇ ನಿಂತು ಅದೇ ಹಳೆಯ ಸ್ವೆಟರಿನ ಇನ್ನೊಂದು ತೋಳನ್ನು ಚೀಪುತ್ತಿತ್ತು.

"ಬೇಜಾರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ನಿಮ್ಮ ಮ್ಯಾಲ ಅಕಿಗಿ ಭಾಳ ಜೀವ. ನೋಡ್ರಿ, ಹೆಂಗ ನೆಕ್ಕಲಾಕತ್ತಾಳ" ಎಂದು ಕಾಕೂ ಕಂಬವನ್ನು ತೋರಿಸಿದರು. ನಾನೂ ನಿಂತು ನೋಡಿದೆ. ಆ ಸ್ವೆಟರಿನೊಳಗೆ ನಾನು ಎಷ್ಟೋ ವರ್ಷ ಇದ್ದೆ, ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಒಬ್ಬರೂ ಅದನ್ನು ಇಷ್ಟು ಪ್ರೀತಿಯಿಂದ ಕಂಡಿರಲಿಲ್ಲ. ನನ್ನನ್ನು ತೆಗೆದು ಹುಲ್ಲು ತುಂಬಿದ ಮೇಲೆಯೇ ಅದಕ್ಕೆ ಬೆಲೆ ಬಂದದ್ದು.